ಎಡಗೈಯ ಬರೆ

ಅಟ್ಟೂರಿನ ಚಿಕ್ಕಬೈರಪ್ಪನವರ ಮನೆಯಲ್ಲಿ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ನಡೆಯುತ್ತಿದ್ದ ಮೊದಲ ಕೆಲಸವೆಂದರೆ, ಏಳು ವರ್ಷದ ಮೊಮ್ಮಗಳು ಮೋನಿಕಾಳ ಎಡಗೈಯನ್ನು ಹಳೆಯ ಸೀರೆಯಂಚಿನಿಂದ ಸೊಂಟಕ್ಕೆ ಬಿಗಿಯುವುದು. ಬಿಗಿಯುತ್ತಿದ್ದವಳು ತಾಯಿ ನಾಗಲಕ್ಷ್ಮಿ. ಎಡಗೈ ಅಶುಭ, ಎಡಚಿಯಿರುವ ಮನೆಗೆ ಒಳ್ಳೆಯ ಸಂಬಂಧ ಕೂಡಿಬಾರದೆಂದು ಮಾವ ಹೇಳಿದ್ದನ್ನು ಅವಳು ವೇದವಾಕ್ಯವೆಂದೇ ನಂಬಿದ್ದಳು. ಗಂಡ ನಿರಂಜನ್ ತಂದೆಗೆ ಎದುರಾಡಿದವನಲ್ಲ. ಮಗಳು ಶಾಲೆಗೆ ಹೊರಡುವಾಗ ನಾಗಲಕ್ಷ್ಮಿ ಗಂಟು ಬಿಚ್ಚುವಳು. ಸಂಜೆ ಮತ್ತೆ ಬಿಗಿಯುವಳು.

ಶಾಲೆಯಲ್ಲಿ ಶನಿವಾರ ಪುಸ್ತಕವಿಲ್ಲ. ರಮಾ ಮೇಡಂ ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ತೆಂಗಿನ ಚಿಪ್ಪಿನಿಂದ ತಕ್ಕಡಿ ಕಟ್ಟಿಸುತ್ತಿದ್ದರು, ಹುಣಸೆಬೀಜದಲ್ಲಿ ಗುಣಾಕಾರ ಕಲಿಸುತ್ತಿದ್ದರು, ಜೇಡಿಮಣ್ಣಿನಲ್ಲಿ ಕೆರೆ, ಏರಿ, ತೂಬು ಮಾಡಿಸಿ ನೀರು ಹರಿಸುತ್ತಿದ್ದರು. ಅಲ್ಲಿ ಮೋನಿಕಾಳ ಎಡಗೈಗೆ ಜೀವ ಬರುತ್ತಿತ್ತು. ಅವಳು ಕಟ್ಟಿದ ಏರಿ ಒಂದು ಹನಿಯನ್ನೂ ಸೋರಗೊಡಲಿಲ್ಲ.

ಆ ಕೈಕೆಲಸಗಳನ್ನು ಪೋಷಕರಿಗೆ ತೋರಿಸಿದ ದಿನ ಚಿಕ್ಕಬೈರಪ್ಪನವರು ಊರ ಹಿರಿಯರೊಡನೆ ಮುಂದಿನ ಸಾಲಿನಲ್ಲಿದ್ದರು. ಮೊಮ್ಮಗಳು ಎಡಗೈಯಿಂದ ತೂಬೆತ್ತಿ ನೀರು ಹರಿಸಿ, ಸಂತೋಷದಲ್ಲಿ ಮೈಮರೆತು, ಅದೇ ಕೈಯಲ್ಲಿ ತಾತನಿಗೆ ಪಾನಕದ ಲೋಟ ನೀಡಿದಳು.

"ಏನ್ ಬೈರಪ್ಪಣ್ಣ, ಎಡಗೈ ಪ್ರಸಾದ ಚೆನ್ನಾಗೈತಾ?" ಎಂದು ಪಕ್ಕದ ಮುನಿರಾಮಯ್ಯ ನಕ್ಕರು.

ಮರುಕ್ಷಣ ಆ ಲೋಟ ಮಗುವಿನ ಮುಖಕ್ಕೆ ಅಪ್ಪಳಿಸಿತು, ತುಟಿ ಸೀಳಿತು. ರಮಾ ಅಡ್ಡ ಬಂದು, ಇದು ಹುಟ್ಟಿನಿಂದ ಬಂದ ಗುಣ, ದೋಷವಲ್ಲವೆಂದು ತಿಳಿಹೇಳಿದರು. "ಅರ್ಧನಾರೀಶ್ವರನಲ್ಲಿ ಎಡಭಾಗವೇ ಅಮ್ಮನವರದು. ಅದನ್ನೂ ಅಶುಭ ಅಂತೀರಾ, ಯಜಮಾನ್ರೇ?"

"ದೇವ್ರದ್ದು ದೇವ್ರಿಗೆ, ಮೇಡಂ. ನಾಳೆ ಇವ್ಳು ಗಂಡನ ಮನೇಲಿ ಇಂಗೇ ಎಡಗೈಲಿ ಬಡಿಸಿದ್ರೆ ಉಗಿಯೋದು ನನ್ ಮಕಕ್ಕೆ, ನಿಮ್ ಮಕಕ್ಕಲ್ಲ."

ಮನೆಗೆ ಬಂದವರೇ ಚಿಕ್ಕಬೈರಪ್ಪನವರು ದೋಸೆ ಮಗುಚುವ ಸಟ್ಟುಗವನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿದರು. ಅಜ್ಜಿ ಲಕ್ಷ್ಮಿದೇವಮ್ಮ ಮಗುವಿನ ಕಾಲು ಹಿಡಿದು, ಕೈ ಹಿಡಿಯೆಂದು ಸೊಸೆಗೆ ಹೇಳಿದರು. ನಾಗಲಕ್ಷ್ಮಿ ಹಿಡಿದಳು. ಬೆಳಿಗ್ಗೆ ದೇವರಿಗೆ ಹೂವೇರಿಸಿದ ತಾತನ ಬಲಗೈಯೇ ಮಗುವಿನ ಎಡ ಮುಂಗೈಗೆ ಮೂರು ಬರೆ ಎಳೆಯಿತು. ಸುಟ್ಟ ಚರ್ಮದ ವಾಸನೆ ಅಡುಗೆಮನೆಯನ್ನು ತುಂಬಿತು. ಮಗು ತಾತನನ್ನು ನೋಡಲಿಲ್ಲ. ಕಿರುಚುತ್ತಲೇ ತಾಯಿಯ ಮುಖವನ್ನು ನೋಡಿತು.

ಮೂರನೆಯ ದಿನ ಮನೆಪಾಠ ಬರೆಯುತ್ತಿದ್ದಾಗ, ಬರೆ ಹಸಿಯಿದೆಯೆಂದು ಕಟ್ಟದೆ ಬಿಟ್ಟಿದ್ದ ಎಡಗೈಗೆ ಪೆನ್ಸಿಲು ಅರಿವಿಲ್ಲದೆ ಜಾರಿತು. ತಾತ ಬಾಗಿಲಲ್ಲಿ ನಿಂತದ್ದನ್ನು ಕಂಡ ಮೋನಿಕಾ ಹೊರಗೋಡಿ, ಕಬ್ಬಿಣದ ಗೇಟಿನ ಸಂದಿಗೆ ಆ ಕೈಯನ್ನಿಟ್ಟು, ಬಲಗೈಯಿಂದ ಗೇಟನ್ನು ಬಡಿದಳು. ಒಮ್ಮೆಯಲ್ಲ, ಎರಡು ಸಲ. ನಾಗಲಕ್ಷ್ಮಿ ತಲುಪುವಷ್ಟರಲ್ಲಿ ಎರಡು ಬೆರಳುಗಳು ಚರ್ಮದಿಂದಷ್ಟೇ ತೂಗುತ್ತಿದ್ದವು.

"ಅದು ಸತ್ತೋಯ್ತಮ್ಮ," ಎಂದಿತು ಮಗು. "ಇನ್ನ ಸುಡಬೇಡ ಅನ್ನು ತಾತಂಗೆ."

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ, ಗಾಳಿಗೆ ಗೇಟು ಬಡಿಯಿತೆಂದರು ಚಿಕ್ಕಬೈರಪ್ಪನವರು. ಬರೆಗಳನ್ನು ಕುರಿತು ಕೇಳಿದ್ದಕ್ಕೆ, ಮಗು ಕಾದ ಹೆಂಚು ಮುಟ್ಟಿತೆಂದರು. ಬಳಿಕ ಸೊಸೆಯ ಕಡೆ ತಿರುಗಿ, ಮನೆಯ ಮರ್ಯಾದೆ ಕಾಯೆಂದು ಮೆಲ್ಲಗೆ ಗದರಿದರು.

ನಾಗಲಕ್ಷ್ಮಿಯ ಸೆರಗೆಲ್ಲ ಮಗಳ ರಕ್ತ. "ಲೇಔಟಿಗೆ ಜಮೀನು ಬರ್ದುಕೊಟ್ಟಾಗ ನೀವು ಒತ್ತಿದ್ದು ಎಡಗೈ ಹೆಬ್ಬೆಟ್ಟೇ ಅಲ್ವಾ, ಮಾವ? ಅವತ್ತು ಅಶುಭ ಅನ್ನಿಸ್ಲಿಲ್ವಾ?"

ಅವಳು ವೈದ್ಯರ ಕಡೆ ತಿರುಗಿದಳು.

"ಸುಟ್ಟೋರು ನಮ್ಮ ಮಾವ. ಕಾಲು ಹಿಡ್ದೋರು ಅತ್ತೆ. ಕೈ ಹಿಡ್ದೋಳು ನಾನು. ಪೊಲೀಸ್ನೋರಿಗೆ ಮೂರು ಹೆಸ್ರೂ ಬರೀರಿ ಡಾಕ್ಟ್ರೇ, ನಂದೇ ಮೊದ್ಲು ಬರೀರಿ."