ರೂಲೋಫನ ಕಂಪ್ಯೂಟರಿನ ಬೆಲೆ

ನನ್ನ ತಂಗಿ ಫೆನ್ನಾ ಗಂಡನನ್ನು ಬಿಡುತ್ತೇನೆಂದು ಹೇಳಿದ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ನಮ್ಮಮ್ಮ ಕಾಫಿಯ ಜೊತೆ ಎರಡನೇ ಬಿಸ್ಕತ್ತು ತೆಗೆದುಕೊಂಡಳು. ನಮ್ಮ ಮನೆಯ ಮಟ್ಟಿಗೆ ಅದು ಹಬ್ಬ.

ಗಂಡ ರೂಲೋಫ್ ಕುಡುಕನಲ್ಲ, ಕೈ ಎತ್ತುವವನಲ್ಲ, ಬೇರೆ ಹೆಂಗಸಿನ ಹಿಂದೆ ಹೋದವನೂ ಅಲ್ಲ. ಹಾಗೆ ಹೋಗಬೇಕಾದರೂ ಮನುಷ್ಯ ಕುರ್ಚಿಯಿಂದ ಏಳಬೇಕಲ್ಲ. ಹಗಲು ಅವನು ನಮ್ಮೂರು ಡೆವೆಂಟರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಸಂಜೆ ಮನೆಗೆ ಬಂದು, ಆಲೂಗಡ್ಡೆ ತಿಂದು, ಅಟ್ಟ ಹತ್ತಿದನೆಂದರೆ ಸರಕು ವಿಮಾನದ ಕ್ಯಾಪ್ಟನ್. ಅಟ್ಟದಲ್ಲಿ ಅವನ ದೊಡ್ಡ ಕಂಪ್ಯೂಟರ್ ಇತ್ತು. ಅದರ ಪರದೆಯ ಮೇಲೆ ಆಂಸ್ಟರ್‌ಡ್ಯಾಮಿನಿಂದ ದಕ್ಷಿಣ ಅಮೆರಿಕದ ಪಾರಮಾರಿಬೊಗೆ ವಿಮಾನ ಹಾರಿಸುತ್ತಿದ್ದ. ನಿಜವಾದ ವಿಮಾನಕ್ಕೆ ಹಿಡಿಯುವಷ್ಟೇ ಹೊತ್ತು ಅವನಿಗೂ ಹಿಡಿಯುತ್ತಿತ್ತು. ಮಗಳು ಮಿರ್ಟೆ ಚಿಕ್ಕವಳಿದ್ದಾಗ ಒಂದು ಭಾನುವಾರ ಅವಳಿಗೆ ಜ್ವರ ಏರಿ, ಫೆನ್ನಾ ಕೆಳಗಿನಿಂದ ಕೂಗಿ ಕರೆದಳು. “ಅಟ್ಲಾಂಟಿಕ್ ಮೇಲಿದ್ದೀನಿ ಕಣೆ, ಈಗ ಇಳಿಯೋಕಾಗಲ್ಲ!” ಎಂದು ಮೇಲಿನಿಂದ ಉತ್ತರ ಬಂತು. ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದೆ.

ಆ ಯಂತ್ರವನ್ನು ಅವನು ಹನ್ನೊಂದು ವರ್ಷದ ಹಿಂದೆ ಎರಡು ಸಾವಿರದ ಒಂಬೈನೂರು ಯೂರೋ ಕೊಟ್ಟು ತಂದಿದ್ದ. ಫೆನ್ನಾ ಹೊಸ ಅಡುಗೆಮನೆಗೆಂದು ಕೂಡಿಟ್ಟಿದ್ದ ಹಣ ಅದು. “ಇಡೀ ಮನೆಗೆ ಉಪಯೋಗ” ಎಂದಿದ್ದ. ಮನೆಯವರು ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಧೂಳು ಒರೆಸುವುದಕ್ಕೂ ಅಪ್ಪಣೆ ಬೇಕಿತ್ತು. ಸಂಸಾರ ರಜೆಗೆ ಹೋಗುತ್ತಿದ್ದದ್ದು ಓಮ್ಮೆನ್ ಹತ್ತಿರದ ಕಾಡಿಗೆ, ಟೆಂಟು ಹೊತ್ತುಕೊಂಡು.

ಸಾಮಾನು ಹಂಚಿಕೊಳ್ಳಲು ವಿಚ್ಛೇದನದ ಮಧ್ಯಸ್ಥಿಕೆಗಾರ್ತಿ ಫಾನ್ ಎಸ್ಸೆನ್ ಅವರ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಮಾತಿಗೆ ಮಾತು ಕೊಡಬೇಕಾದ ಕಡೆ ಫೆನ್ನಾಳ ಗಂಟಲು ಕಟ್ಟುತ್ತದೆ. ಅವಳ ಅಕ್ಕ ಆಲಿಗೆ, ಅಂದರೆ ನನಗೆ, ಆ ಕಾಯಿಲೆ ಇಲ್ಲ. ಅಲ್ಲಿನ ನಿಯಮ ಇಷ್ಟು: ವಸ್ತು ಯಾರ ಪಾಲಿಗೆ ಹೋಗುತ್ತದೋ ಅವರು ಅದರ ಈಗಿನ ಬೆಲೆಯ ಅರ್ಧವನ್ನು ಇನ್ನೊಬ್ಬರಿಗೆ ಕೊಡಬೇಕು, ಇಲ್ಲವೇ ಸಮಾನ ಬೆಲೆಯ ಇನ್ನೊಂದು ವಸ್ತು ಬಿಟ್ಟುಕೊಡಬೇಕು. ಸೋಫಾ, ಬಟ್ಟೆ ಒಗೆಯುವ ಯಂತ್ರ ಎಲ್ಲ ಮುಗಿದ ಮೇಲೆ ರೂಲೋಫ್ ಧಾರಾಳಿಯಾದ.

“ಕಂಪ್ಯೂಟರ್ ಫೆನ್ನಾಗೇ ಇರಲಿ. ಮಿರ್ಟೆ ಓದೋ ಹುಡುಗಿ, ಬೇಕಾಗತ್ತೆ. ಎಂಟುನೂರ ಐವತ್ತು ಅಂತ ಬರ್ಕೊಳ್ಳಿ ಮೇಡಂ. ಅದಕ್ಕೆ ಬದಲಾಗಿ ಎಲೆಕ್ಟ್ರಿಕ್ ಸೈಕಲ್ ನಾನು ತಗೋತೀನಿ. ಸರಿಗೆ ಸರಿ.”

ಫೆನ್ನಾ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು ಬರುವ ನರ್ಸು. ಬೆಳಗಾದರೆ ಆ ಸೈಕಲ್ಲಿನಲ್ಲೇ ಐಸೆಲ್ ನದಿ ದಾಟಿ ಆಚೆ ದಡದ ಹಳ್ಳಿಗಳಿಗೆ ಹೋಗಬೇಕು. ರೂಲೋಫನ ಕಚೇರಿ ಅವನ ಹೊಸ ಬಾಡಿಗೆ ಕೋಣೆಯಿಂದ ಎರಡು ಬೀದಿ ಆಚೆ.

“ಎಂಟುನೂರ ಐವತ್ತು ಹೇಗೆ ಬಂತು?” ಎಂದು ನಾನೇ ಕೇಳಿದೆ.

“ಒಳ್ಳೇ ವಸ್ತು ವರ್ಷಕ್ಕೆ ನೂರಕ್ಕೆ ಹತ್ತರ ಹಾಗೆ ಇಳಿಯತ್ತೆ ಆಲಿ. ಲೆಕ್ಕ ಹಾಕಿದ್ರೆ ಇವತ್ತಿಗೆ ಒಂಬೈನೂರು ಚಿಲ್ಲರೆ. ನಾನು ಇಳಿಸಿ ಹೇಳ್ತಿದೀನಿ.”

“ಅದೇನು ಪಿಯಾನೋನಾ, ಅಷ್ಟು ನಿಧಾನವಾಗಿ ಬೆಲೆ ಇಳಿಯೋಕೆ?”

“ನಿನಗೆ ತಾಂತ್ರಿಕ ವಿಷಯ ಅರ್ಥ ಆಗಲ್ಲ ಬಿಡು.”

ನಾನು ಬ್ರಿಂಕ್ ಚೌಕದ ಸಂತೆಯಲ್ಲಿ ಚೀಸ್ ಮಾರುವವಳು. ಹಳೆಯದಾದಷ್ಟೂ ಬೆಲೆ ಏರುವ ಸರಕು ಯಾವುದು, ಬರೀ ವಾಸನೆ ಏರುವ ಸರಕು ಯಾವುದು ಎಂಬುದು ನನಗೆ ಗೊತ್ತು. ಆ ಕಂಪ್ಯೂಟರಿಗೆ ಬೆಲೆ ಕಟ್ಟಿಸದೆ ಏನನ್ನೂ ಬರೆಯಬೇಡಿ ಎಂದು ಹೇಳಿ ತಂಗಿಯನ್ನು ಎಬ್ಬಿಸಿಕೊಂಡು ಬಂದೆ.

ಮರುದಿನವೇ ಅದನ್ನು ನನ್ನ ಚೀಸ್ ವ್ಯಾನಿನಲ್ಲಿ ಹಾಕಿಕೊಂಡು ಹಳೇ ಕಂಪ್ಯೂಟರ್ ಕೊಂಡು ಮಾರುವ ಥೆಯೊನ ಅಂಗಡಿಗೆ ಒಯ್ದೆವು. ಥೆಯೊ ಕೂಡ ನನಗೆ ಇಷ್ಟವಾಗುವ ಪೈಕಿ ಅಲ್ಲ. ಲೋಕದ ಎಲ್ಲರೂ ತನಗೆ ಕಸ ತಂದುಕೊಡಲೆಂದೇ ಹುಟ್ಟಿದವರೆಂಬ ಮುಖ. ಪಕ್ಕದ ತಗಡು ಬಿಚ್ಚಿ ಊದಿದ. ಧೂಳಿನ ಉಂಡೆಗಳ ಜೊತೆ ಬಿಸ್ಕತ್ತಿನ ಚೂರುಗಳೂ ಹಾರಿದವು.

“ಎಂಟುನೂರ ಐವತ್ತಾ? ಜೊತೆಗೆ ಮನೇನೂ ಕೊಡ್ತಾನಂತಾ ನಿಮ್ಮ ಯಜಮಾನ?” ಎಂದ. “ಕೊಂಡಾಗ ಎಷ್ಟಿತ್ತು ಅಂತ ಹಿಡ್ಕೊಂಡು ಇದರ ಬೆಲೆ ಕಟ್ಟೋಕಾಗಲ್ಲ. ಇದೇ ಕೆಲಸ ಮಾಡೋ ಮಾಲು ಇವತ್ತು ಎಷ್ಟಕ್ಕೆ ಸಿಗತ್ತೆ ಅಂತ ನೋಡ್ಬೇಕು. ಮೂರೂವರೆ ನೂರಿಗೆ ಹೊಸದೇ ಬರತ್ತೆ, ಇದರ ಎರಡರಷ್ಟು ಓಡತ್ತೆ. ಇದಕ್ಕೆ ಹೊಸ ವಿಂಡೋಸ್ ಕೂರಲ್ಲ. ಹಂಗಾಗಿ ಇಡಿಯಾಗಿ ಇದನ್ನ ಯಾರೂ ಕೇಳಲ್ಲ. ಬಿಡಿ ಮಾಡಿದ್ರೆ ಗ್ರಾಫಿಕ್ಸ್ ಕಾರ್ಡಿಗೆ ಮೂವತ್ತೈದು, ಮೆಮೊರಿಗೆ ಇಪ್ಪತ್ತು, ಡಿಸ್ಕಿಗೆ ಐದು. ಈ ಡಬ್ಬ ಇದೆಯಲ್ಲ, ಇದನ್ನ ಎತ್ತಿ ಬಿಸಾಕೋಕೆ ನೀವೇ ನನಗೆ ಕೊಡ್ಬೇಕು.”

“ಅರವತ್ತಾಯ್ತು,” ಎಂದೆ.

“ಗಿರಾಕಿ ಸಿಕ್ಕಿದ್ರೆ ಅರವತ್ತು. ನನಗೆ ಕೊಟ್ರೆ ನಲವತ್ತು. ನಾನೂ ಉಣ್ಬೇಕಲ್ಲ.”

ಫೆನ್ನಾಳ ಕಿವಿ ಕೆಂಪಾಗಿತ್ತು. ವ್ಯಾನಿನಲ್ಲಿ ಕುಳಿತ ಮೇಲೆ ಹೇಳಿದಳು: “ಬಿಸ್ಕತ್ತು ನೋಡಿದ್ಯಾ? ನಾನು ಅಟ್ಟಕ್ಕೆ ಟೀ ಲೋಟ ತಗೊಂಡು ಹೋದ್ರೂ ಬೈತಿದ್ದ.”

ಸಂಜೆ ರೂಲೋಫ್ ಫೋನಿನಲ್ಲಿ ಹಾರಾಡಿದ. ಥೆಯೊ ಗುಜರಿಯವನಂತೆ, ನಾವಿಬ್ಬರೂ ಮೋಸ ಹೋಗುವ ಹೆಂಗಸರಂತೆ, ತಾನಾದರೆ ನಾಳೆಯೇ ಎಂಟುನೂರ ಐವತ್ತಕ್ಕೆ ಮಾರಿ ತೋರಿಸುತ್ತಾನಂತೆ. ಫೆನ್ನಾ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, ಗಂಟಲು ಕಟ್ಟದೆ, ಹೇಳಿದಳು: “ಸರಿ, ಮಾರು. ಮುಂದಿನ ಭೇಟಿಯೊಳಗೆ ಆ ಬೆಲೆಗೆ ಹೋದ್ರೆ ಸೈಕಲ್ ನಿಂದೇ.”

ಅವನು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿದ. ‘ಬಲ್ಲವರಿಗೆ ಮಾತ್ರ. ಚೌಕಾಸಿ ಮಾಡುವವರು ತಮ್ಮ ಸಮಯ ಉಳಿಸಿಕೊಳ್ಳಿ.’ ಎಲ್ಲರೂ ಉಳಿಸಿಕೊಂಡರು. ಒಬ್ಬ ಇಪ್ಪತ್ತೈದು ಯೂರೋ ಎಂದ. ಇನ್ನೊಬ್ಬ ಮೂವತ್ತು ಎಂದ, ಆದರೆ ಮನೆಗೆ ತಂದುಕೊಡಬೇಕು. ಮೂರನೆಯವನು ಹಣವಿಲ್ಲ, ಮೊಲದ ಗೂಡು ಕೊಡುತ್ತೇನೆ ಎಂದ. ರೂಲೋಫ್ ಮೂವರಿಗೂ ಉದ್ದುದ್ದ ಬೈಗುಳ ಬರೆದ.

ಕೊನೆಗೆ ರಾಲ್ಟೆಯಿಂದ ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಅಟ್ಟಕ್ಕೆ ವಾಪಸ್ ಸೇರಿಸಿದ್ದ ಕಂಪ್ಯೂಟರ್ ನೋಡಲು ಫೆನ್ನಾಳ ಮನೆಗೆ ಬಂದಳು; ತೋರಿಸಲು ರೂಲೋಫನೂ ಬಂದಿದ್ದ. ಹೆಸರು ಡೀನಿ. ಊರಿನ ಊದುವಾದ್ಯದ ತಂಡಕ್ಕೆ ಸ್ವರಲಿಪಿ ಬರೆದಿಡಲು ಅವಳಿಗೆ ಒಂದು ಯಂತ್ರ ಬೇಕಿತ್ತು. ಫೆನ್ನಾ ಅವಳಿಗೆ ಕಾಫಿ ಕೊಟ್ಟಳು. ಅವಳು ಕಪ್ಪು ಹಿಡಿದುಕೊಂಡೇ ಅಟ್ಟ ಹತ್ತಿದಳು. ನಾನೂ ಹಿಂದೆ ಹೋದೆ, ಬಿಡುತ್ತೇನೆಯೇ? ರೂಲೋಫ್ ಗುಂಡಿ ಒತ್ತಿ ಕಾಯುತ್ತ, ಇಂಜಿನ್ನಿನ ಸದ್ದು, ರನ್‌ವೇಯ ದೀಪ ಎಂದೆಲ್ಲ ಬಣ್ಣಿಸಿದ. ಪರದೆ ಬೆಳಗಿದ್ದು ಬಹಳ ಹೊತ್ತಿನ ಮೇಲೆ. ಡೀನಿ ಕೀಲಿಮಣೆ ಒತ್ತಿ ನೋಡಿದಳು, ಸ್ಪೀಕರ್ ತಟ್ಟಿ ನೋಡಿದಳು.

“ಸ್ಪೀಕರ್ ಪರವಾಗಿಲ್ಲ. ಪರದೆ, ಸ್ಪೀಕರ್ ಎಲ್ಲ ಸೇರಿ ನೂರಾ ಹತ್ತು ಕೊಡ್ತೀನಿ. ಈಗಲೇ ಕಾರಿಗೆ ಹಾಕ್ಕೋತೀನಿ.”

“ನೂರಾ ಹತ್ತಾ?” ರೂಲೋಫ್ ನಕ್ಕ. “ಮೇಡಂ, ನೀವು ಟೋಸ್ಟರ್ ಹುಡುಕ್ಕೊಂಡು ಬಂದ್ರಾ?”

“ಇಲ್ಲಪ್ಪ, ಟೋಸ್ಟರ್ ಮನೇಲಿದೆ. ಒತ್ತಿದ ತಕ್ಷಣ ಬಿಸಿ ಆಗತ್ತೆ. ನಿಮ್ಮದು ಕಣ್ಣು ಬಿಡೋದ್ರೊಳಗೆ ನನ್ನ ಕಾಫಿ ಮುಗೀತು ನೋಡಿ.” ಖಾಲಿ ಕಪ್ಪನ್ನು ಅವನ ಕೈಗೆ ಕೊಟ್ಟು ಇಳಿದು ಹೋದಳು.

ಕೆಳಗೆ ಅಡುಗೆಮನೆಯಲ್ಲಿ ಫೆನ್ನಾ ಎದೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಅವಳ ಮದುವೆಯಾದ ಮೇಲೆ ನಾನು ನೋಡಿರಲಿಲ್ಲ.

ಎರಡನೇ ಭೇಟಿಯಲ್ಲಿ ಫಾನ್ ಎಸ್ಸೆನ್ ರೂಲೋಫನನ್ನು ನೇರವಾಗಿ ಕೇಳಿದರು: “ಮಾರಾಟ ಆಗಲಿಲ್ಲ ಅಲ್ವಾ? ಹಾಗಾದ್ರೆ ಒಂದು ಕೆಲಸ ಮಾಡೋಣ. ಅದರ ಬೆಲೆ ಗೊತ್ತಿರೋರು ನೀವು. ನೀವೇ ಇಟ್ಕೊಳ್ಳಿ. ನಿಮ್ಮ ಪಾಲಿಗೆ ಎಂಟುನೂರ ಐವತ್ತು ಅಂತ ಬರ್ಕೋತೀನಿ.”

“ನನ್ನ ಪಾಲಿಗಾ?” ರೂಲೋಫ್ ನೆಟ್ಟಗೆ ಕುಳಿತ. “ಅಷ್ಟು ಹೇಗಾಗತ್ತೆ ಮೇಡಂ? ಹನ್ನೊಂದು ವರ್ಷದ ಹಳೇ ಪೆಟ್ಟಿಗೆ. ಹೊಸ ವಿಂಡೋಸೂ ಕೂರಲ್ಲ. ಮೂವತ್ತು ಅಂದ್ರೆ ಹೆಚ್ಚು.”

ಆಕೆ ಕನ್ನಡಕ ತೆಗೆದರು. “ಹೋದ ಸಲ ಬೇರೆ ಹೇಳಿದ್ರಿ.”

“ಮಾರುಕಟ್ಟೆ ಕುಸಿದಿದೆ.”

ನಾನು ಕೆಮ್ಮಿದೆ. ನಗುವನ್ನು ಬೇರೆ ಯಾವ ದಾರಿಯಲ್ಲಿ ಹೊರಗೆ ಬಿಡುವುದೆಂದು ತಿಳಿಯಲಿಲ್ಲ. ನಾಚಿಕೆಯ ಒಂದು ಗೆರೆಯೂ ಆ ಮುಖದ ಮೇಲಿರಲಿಲ್ಲ. ಹುಂಡಿಯಿಂದ ಕಾಸು ಎತ್ತುವಾಗ ಸಿಕ್ಕಿಬಿದ್ದು, ಎಣಿಸಿ ನೋಡುತ್ತಿದ್ದೆ ಎನ್ನುವವನ ಮುಖ ಅದು.

ಫೆನ್ನಾ ಪರ್ಸು ತೆಗೆದು ಹದಿನೈದು ಯೂರೋ ಮೇಜಿನ ಮೇಲಿಟ್ಟಳು. “ಮೂವತ್ತಾದ್ರೆ ನಾನೇ ತಗೋತೀನಿ. ಇದು ನಿನ್ನ ಅರ್ಧ. ರಾಲ್ಟೆಯ ಆಯಮ್ಮಂಗೆ ಫೋನ್ ಮಾಡ್ತೀನಿ.”

ಅವನು ನೋಟುಗಳನ್ನು ಅವಳ ಕಡೆಗೆ ತಳ್ಳಿದ. “ಬೇಡ ಫೆನ್ನಾ. ಅದರಲ್ಲಿ ನನ್ನ ಹಾರಾಟ ಎಲ್ಲ ಇದೆ. ಹತ್ತು ಸಾವಿರ ಗಂಟೆ ಮೇಲೆ.”

ತನ್ನ ಬಾಯಿಂದ ಏನು ಬಂತೆಂಬುದು ಅವನಿಗಂತೂ ಹೊಳೆಯಲಿಲ್ಲ. ಫೆನ್ನಾ ಅವನನ್ನೇ ನೋಡಿದಳು, ಕೋಪದಿಂದಲ್ಲ; ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನನ್ನು ನೋಡುವ ಹಾಗೆ. ಆಮೇಲೆ ನೋಟುಗಳನ್ನು ಪರ್ಸಿಗೆ ಹಾಕಿಕೊಂಡಳು.

“ತಗೊಂಡು ಹೋಗು. ಸೈಕಲ್ ನನಗೆ, ಅದರ ಅರ್ಧ ಬೆಲೆ ಕೊಡ್ತೀನಿ. ಕಂಪ್ಯೂಟರ್ ಬೆಲೆ ಸೊನ್ನೆ ಅಂತ ಬರ್ಕೊಳ್ಳಿ ಮೇಡಂ.”

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಅವನಿಗೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನು ನೊಂದವನಂತೆ, “ಸೊನ್ನೆ ಅಲ್ಲ. ಮೂವತ್ತಾದ್ರೂ ಇದೆ,” ಎಂದ.

“ಸೊನ್ನೆ,” ಎಂದು ಫಾನ್ ಎಸ್ಸೆನ್ ಬರೆದೇ ಬಿಟ್ಟರು.

ಶನಿವಾರ ಅವನು ಬಂದು ಯಂತ್ರವನ್ನು ಬಟ್ಟೆ ಬುಟ್ಟಿಯಲ್ಲಿಟ್ಟುಕೊಂಡು ಕಡಿದಾದ ಮೆಟ್ಟಿಲಲ್ಲಿ ಹಿಮ್ಮುಖವಾಗಿ ಇಳಿದ. “ಆಲಿ, ಪರದೆ ಸ್ವಲ್ಪ ಹಿಡ್ಕೋತೀಯಾ?” ಎಂದು ಕೇಳಿದ. “ತಾಂತ್ರಿಕ ವಿಷಯ ನನಗೆ ಗೊತ್ತಾಗಲ್ಲಪ್ಪ,” ಎಂದು ಬಾಗಿಲು ಮಾತ್ರ ತೆಗೆದು ಹಿಡಿದೆ.

ಅವನ ಕಾರು ಹೋದ ಮೇಲೆ ನಾವು ಅಟ್ಟಕ್ಕೆ ಹೋದೆವು. ಪರದೆಗೆ ಬೆಳಕು ಹೊಡೆಯುತ್ತದೆಂದು ಅಲ್ಲಿನ ಕಿಟಕಿಯನ್ನು ಅವನು ವರ್ಷಗಟ್ಟಲೆ ಮುಚ್ಚಿಸಿಟ್ಟಿದ್ದ. ಫೆನ್ನಾ ಹಲಗೆ ಕಿತ್ತು ಅದನ್ನು ತೆರೆದಳು. ತಣ್ಣನೆ ಗಾಳಿ ನುಗ್ಗಿತು. ಕೆಳಗೆ ನದಿಯಲ್ಲಿ ಮರಳು ತುಂಬಿದ ದೋಣಿಯೊಂದು ಝುಟ್ಫೆನ್ ಊರಿನ ಕಡೆಗೆ ನಿಧಾನವಾಗಿ ಹೋಗುತ್ತಿತ್ತು. ಮಿರ್ಟೆ ಓಡಿ ಬಂದು ಎರಡೂ ಕೈ ಚಾಚಿ ಗೋಡೆಯಿಂದ ಗೋಡೆಗೆ ಅಳೆದಳು.

“ನನ್ನ ಮಂಚ ಇಲ್ಲಿ ಹಿಡಿಯತ್ತೆ ಅಮ್ಮ. ಇವತ್ತೇ ತರೋಣ್ವಾ?”

“ಮೊದಲು ನೆಲ ಒರೆಸು,” ಎಂದಳು ಫೆನ್ನಾ. “ಆಮೇಲೆ ಒಂದು ಕಡೆ ನೀನು ಹಿಡ್ಕೋ, ಇನ್ನೊಂದು ಕಡೆ ನಿನ್ನ ದೊಡ್ಡಮ್ಮ ಹಿಡ್ಕೋತಾಳೆ.”