ಮತ್ತೆ ಕದಿಯುತ್ತಾನೋ ಇಲ್ಲವೋ

ಅವಧಿಗೆ ಮುಂಚೆ ಬಿಡಬಹುದಾದ ಕೈದಿಗಳು ಹೊರಗೆ ಬಂದ ಮೇಲೆ ಮತ್ತೆ ತಪ್ಪು ಮಾಡುತ್ತಾರೋ ಇಲ್ಲವೋ ಎಂದು ಅಂಕ ಹಾಕುವುದು ವಿರಾತ್ಮಿಯ ನೌಕರಿ. ಲುಮಾಜಾಂಗ್ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಅವಳಿಗೆ ಸಾಕುಸಾಕಾಗಿತ್ತು. ಈ ವಾರದ ಕಡತ ಕಸ್ದಿಯದು. ವಯಸ್ಸು ನಲವತ್ತೊಂದು, ಬೈಕ್ ಕಳವು, ಮೂರನೇ ಸಲ.

"ಹೊರಗೆ ಬಿಟ್ರೆ ಮತ್ತೆ ಕದೀತೀಯಾ?" ಜೈಲಿನಲ್ಲಿ ಅವನನ್ನು ಕೇಳಿದಳು.

"ಹಿಂದಿನ ಎರಡು ಸಲಾನೂ ಇಲ್ಲ ಅಂದಿದ್ದೆ, ಇಬು. ಸುಳ್ಳು ಹೇಳಿರ್ಲಿಲ್ಲ. ಈ ಸಲ ಗೊತ್ತಿಲ್ಲ ಅಂತ ಬರ್ಕೊಳ್ಳಿ." ಅಲ್ಲಿನವರು ಹೆಂಗಸರನ್ನು ಗೌರವದಿಂದ ಕರೆಯುವಂತೆ ಅವನೂ ಅವಳನ್ನು 'ಇಬು' ಎಂದೇ ಕರೆದ.

ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. 'ಹೌದು' ಎಂಬಲ್ಲೇ ಗುರುತು ಹಾಕಬೇಕಾಯಿತು.

ಮರುದಿನ ವಿರಾತ್ಮಿ ಅವನ ಅಕ್ಕ ತುಮಿನಿಯ ಮನೆಗೆ ಹೋದಳು. ತುಮಿನಿ ಅಂಗಳದಲ್ಲಿ ಕೂತು ಮಾರಾಟಕ್ಕೆಂದು ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆಯನ್ನು ಬಾಳೆಲೆಯಲ್ಲಿ ಕಟ್ಟುತ್ತಿದ್ದಳು.

"ಅವನು ಬಂದ್ರೆ ಸೇರಿಸ್ಕೊಳ್ತೀರಾ?"

"ಬೇಡ, ಇಬು. ಜೈಲಲ್ಲಾದ್ರೆ ಹೊತ್ತಿಗೆ ಸರಿಯಾಗಿ ಅನ್ನ ಸಿಗುತ್ತೆ ಅವನಿಗೆ. ನಾನೂ ಈ ಓಣೀಲಿ ತಲೆ ಎತ್ಕೊಂಡು ಓಡಾಡ್ತಿದ್ದೀನಿ."

ವಿರಾತ್ಮಿ ಹಾಗೆಯೇ ಬರೆದುಕೊಂಡಳು. ಎಲ್ಲ ಕೂಡಿದಾಗ 'ಹೆಚ್ಚು ಅಪಾಯ' ಎಂದು ಬಂತು.

ಮೂರನೇ ದಿನ ತುಮಿನಿ ಬಸ್ಸು ಹಿಡಿದು ಕಚೇರಿಗೇ ಬಂದಳು. "ನಾನು ಹೇಳಿದ್ದು ಮೇಲಕ್ಕೆ ಕಳಿಸ್ಬಿಟ್ರಾ?"

"ಇನ್ನೂ ಇಲ್ಲ."

"ಹಾಗಾದ್ರೆ ಸೇರಿಸ್ಕೊಳ್ತಾಳೆ ಅಂತ ಬರೀರಿ."

"ಮನಸ್ಸಿಂದ ಹೇಳ್ತಿದ್ದೀರಾ?"

"ಮನಸ್ಸೇನೂ ಇಲ್ಲ. ಅವನಿಗೆ ಬೇರೆ ಯಾರಿದ್ದಾರೆ ಹೇಳಿ?"

ವಿರಾತ್ಮಿ ಆ ಒಂದು ಉತ್ತರ ತಿದ್ದಿದಳು. ಅಂಕ ಇಳಿದು 'ಮಧ್ಯಮ' ಆಯಿತು. ಉಪವಾಸದ ತಿಂಗಳು ಮುಗಿದಾಗ ಬರುವ ಲೆಬರಾನ್ ಹಬ್ಬ ಕಳೆದ ಮೇಲೆ ಕಸ್ದಿಯನ್ನು ಬಿಟ್ಟರು.

ಹದಿನಾಲ್ಕು ತಿಂಗಳು ಅವನು ತಪ್ಪದೆ ಪ್ರತಿ ಸೋಮವಾರ ಕಚೇರಿಗೆ ಬಂದು ರುಜು ಹಾಕಿ ಹೋದ. ಹೊಳೆಯ ಬದಿ ಲಾರಿಗೆ ಮರಳು ತುಂಬುವ ಕೆಲಸ ಹಿಡಿದ. ಏನನ್ನೂ ಕದಿಯಲಿಲ್ಲ.

ಕೊನೆಯ ಭೇಟಿಗೆಂದು ವಿರಾತ್ಮಿ ಮನೆಗೆ ಹೋದಾಗ ಅವನು ಕೆಲಸಕ್ಕೆ ಹೋಗಿದ್ದ. ತುಮಿನಿ ಬಹಳ ಸೊರಗಿದ್ದಳು. ಮಾತಿನ ನಡುವೆ ಓಣಿಯಲ್ಲಿ ಯಾವುದೋ ಬೈಕ್ ಸ್ಟಾರ್ಟ್ ಆಯಿತು. ಅವಳು ಎದ್ದು ಬಾಗಿಲಿಗೆ ಹೋಗಿ ನೋಡಿ ಬಂದಳು.

"ಪಕ್ಕದ್ಮನೆಯವರು."

"ನಿಮ್ಮ ತಮ್ಮ ಮರಳಿನ ಹತ್ರ ಇದ್ದಾನಲ್ಲ?"

"ಗೊತ್ತು. ಆದ್ರೂ ಎದ್ದು ನೋಡ್ತೀನಿ. ನಿಮ್ಮ ಕೆಲಸ ಇವತ್ತಿಗೆ ಮುಗೀತು. ನಾನು ಇನ್ನೆಷ್ಟು ವರ್ಷ ಹೀಗೆ ನೋಡ್ಬೇಕು, ಇಬು?"

ವಿರಾತ್ಮಿ ನಿಗಾ ಅವಧಿ ಮುಗಿಯಿತೆಂಬ ಕಾಗದಕ್ಕೆ ತುಮಿನಿಯ ರುಜು ಹಾಕಿಸಿಕೊಂಡು, ಅವಳು ತಂದಿಟ್ಟ ಚಹಾ ತಣ್ಣಗಾಗುವ ತನಕ ಪಕ್ಕದಲ್ಲಿ ಕೂತಿದ್ದಳು. ಆ ದಿನ ಅವಳು ಹೋಗಬೇಕಾದ ಇನ್ನೂ ಎರಡು ಮನೆ ಬಾಕಿ ಇದ್ದವು.