ದಕ್ಷಿಣಕ್ಕೆ ತಿರುಗದ ಆಂಟೆನಾ

ಗಣಿ ಲಾರಿಗಳಿಂದ ರಾತ್ರೋರಾತ್ರಿ ಸಾಹುಕಾರರಾದ ನಮ್ಮ ಕುರುಗೋಡಿನ ಎದುರುಮನೆ ಚಿದಾನಂದಪ್ಪನವರು ಇಂಟರ್‌ನೆಟ್ ಹಾಕಿಸಿದರು. "ನಿಮ್ಮ ಮನಿಗೂ ಕೊಡ್ತೀನಿ ನದೀಮ, ನಡಿ, ಆಂಟೆನಾ ತರೋಣ" ಎಂದು ಆ ಪುಣ್ಯಾತ್ಮರು ನನ್ನನ್ನು ಬಳ್ಳಾರಿಗೆ ಕರೆದೊಯ್ದರು.

ಅಂಗಡಿಯವನು ಅಂಗೈಯಗಲದ್ದೊಂದನ್ನು ತೋರಿಸಿದ. "ರಸ್ತೆ ದಾಟಾಕ ಇಷ್ಟು ಸಾಕ್ರಿ. ಇವರ ಮನಿ ಕಡಿ ಮುಖ ಮಾಡಿ ಇಟ್ರ ಆತು."

"ನಮ್ಮ ಮಾಳಿಗಿ ಮ್ಯಾಲೆ ಇಷ್ಟು ಸಣ್ಣದು ಇಟ್ರ ಮಂದಿ ಏನಂದಾರು?" ಎಂದ ಸಾಹುಕಾರರು, ಪಕ್ಕದೂರಿಗೂ ಮುಟ್ಟುವಂಥ ದೊಡ್ಡ ತಟ್ಟೆಯನ್ನೇ ಆರಿಸಿದರು.

ತಟ್ಟೆಗೆ ಕುಂಕುಮ ಹಚ್ಚಿ ಕಾಯಿ ಒಡೆದದ್ದಾಯಿತು. ಇನ್ನೇನು ನನ್ನ ಮನೆಯತ್ತ ತಿರುಗಿಸಬೇಕು, ಅವರ ವಾಸ್ತುಪಂಡಿತರು ತಡೆದರು. ನನ್ನ ಮನೆ ಇರುವುದು ದಕ್ಷಿಣಕ್ಕಂತೆ, ಅದು ಯಮನ ದಿಕ್ಕಂತೆ, ಆ ಕಡೆ ಮುಖ ಮಾಡಿದರೆ ಲಾರಿಗಳಿಗೆ ಗಂಡಾಂತರವಂತೆ. ತಟ್ಟೆ ಪೂರ್ವಕ್ಕೆ ತಿರುಗಿತು.

ಈಗ ಒಂದು ಮೇಲ್ ನೋಡಬೇಕೆಂದರೂ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು, ಅವರ ಮನೆಯ ಪೂರ್ವಕ್ಕಿರುವ ಭತ್ತದ ಗದ್ದೆಯ ಬದುವಿನ ಮೇಲೆ ಕೂರುತ್ತೇನೆ.

"ಹೆಂಗೈತಿ ಸ್ಪೀಡು?" ಎಂದು ಅವರು ಮಾಳಿಗೆಯಿಂದ ಕೂಗುತ್ತಾರೆ.

"ಭೇಷ್ ಐತ್ರಿ" ಎನ್ನುತ್ತೇನೆ.

ಅವರ ಲಾರಿಗಳ ಕೆಂಪು ಧೂಳು ಮಾತ್ರ ಯಾವ ಪಂಡಿತರನ್ನೂ ಕೇಳದೆ ದಿನಾ ದಕ್ಷಿಣಕ್ಕೇ, ನೇರ ನನ್ನ ಮನೆಯೊಳಕ್ಕೇ ಬರುತ್ತದೆ.